ಬ್ರಹ್ಮಗಿರಿಯ ಎಲುಬುಗಳು ನುಡಿಯಬಲ್ಲವೇ?

ಪ್ರಶ್ನೆ: ನಮ್ಮ ಉಳ್ಳಾರ್ತಿ ಕಾವಲ್ ಸೀಮೆಯ ಪ್ರಾಚೀನರು ಎಲ್ಲಿಂದ ಬಂದವರೆಂಬುದನ್ನು ಹಳೆಯ ಎಲುಬುಗಳಿಂದ ತಿಳಿಯಬಹುದೇ?

ಉತ್ತರ: ನಿಮ್ಮ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ, ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದ ಕಲ್ಗೋರಿಗಳೊಳಗೆ, ಮಡಕೆಗಳೂ ಕಬ್ಬಿಣದ ಉಪಕರಣಗಳೂ ಮನುಷ್ಯರ ಎಲುಬುಗಳೂ ದೊರೆತುವು. ಎಲುಬಿನಲ್ಲಿ ಡಿಎನ್‌ಎ ಉಳಿದಿದ್ದರೆ ವಂಶವೃತ್ತಾಂತವನ್ನು ಓದಬಹುದು. ಉಷ್ಣದೇಶಗಳಲ್ಲಾದರೋ ಅದು ಬೇಗನೆ ಛಿದ್ರವಾಗುವುದರಿಂದ, ವಿಜ್ಞಾನಿಗಳು ಒಳಗಿವಿಯನ್ನು ಆವರಿಸಿರುವ ಅತಿಸಾಂದ್ರವಾದ ಎಲುಬನ್ನೇ ಅರಸಿ, ಕೊರೆದು, ಪುಡಿ ತೆಗೆಯುತ್ತಾರೆ. ಸಿಂಧೂ ನಾಗರಿಕತೆಯ ನೆಲೆಯಾದ ಹರಿಯಾಣದ ರಾಖಿಗಢಿಯಲ್ಲಿ ಅರವತ್ತಕ್ಕೂ ಮಿಕ್ಕ ಮಾದರಿಗಳನ್ನು ಪರೀಕ್ಷಿಸಿದರೂ ಓದಲೊದಗಿದುದು ಒಬ್ಬ ಸ್ತ್ರೀಯದು ಮಾತ್ರ. 2019ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಯುರೇಷಿಯಾದ ಹುಲ್ಲುಬಯಲಿನ ಪಶುಪಾಲಕರ ವಂಶಾಂಶ ಕಾಣಲಿಲ್ಲ. ಇಂದಿನ ಅನೇಕ ಭಾರತೀಯರಲ್ಲಿರುವ ಆ ಅಂಶ ಕ್ರಿ.ಪೂ. 2000–1500ರ ನಡುವೆ ಇತ್ತ ಬಂದಿತೆಂದು ಅದೇ ವರ್ಷದ ಮತ್ತೊಂದು ವಿಶಾಲ ಅಧ್ಯಯನ ನಿರ್ಣಯಿಸಿತು. ಆದರೆ ಉತ್ತರದ ಒಬ್ಬಳ ಸಾಕ್ಷ್ಯವನ್ನು ದಕ್ಷಿಣದ ಸಮಸ್ತರಿಗೂ ಅನ್ವಯಿಸುವುದು ಯುಕ್ತವಲ್ಲವೆಂದೇ ನನ್ನ ದೃಢವಾದ ಮತ. ಇಲ್ಲಿಯ ಕಥೆಯನ್ನು ಇಲ್ಲಿಯ ಎಲುಬುಗಳೇ ಹೇಳಬೇಕು. ಮುಟ್ಟಿದವರ ಬೆವರೂ ಪ್ರಾಚೀನ ಡಿಎನ್‌ಎಯನ್ನು ಕಲುಷಿತಗೊಳಿಸುವುದರಿಂದ, ಹೊಲದಲ್ಲಿ ಇಂತಹ ಗೋರಿ ಕಂಡುಬಂದರೆ ಕೈಯಿಡದೆ ಪುರಾತತ್ತ್ವ ಇಲಾಖೆಗೆ ತಿಳಿಸಬೇಕೆಂದು ತಮ್ಮನ್ನು ಪ್ರಾರ್ಥಿಸುತ್ತೇನೆ.