ಹಾವಿಲ್ಲದೆಯೂ ಹೆದರಿಸುವ ಗಡ್ಡೆ

1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ 18ರ ಯುವತಿಯೊಬ್ಬಳು ತೀರಿಕೊಂಡಳು. ಆಗಾಗ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ತಲೆ ಸಿಡಿಯುತ್ತಿತ್ತು. ಶವಪರೀಕ್ಷೆಯಲ್ಲಿ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳಲ್ಲಿ ಗಡ್ಡೆಗಳು ಕಂಡವು. ಫೆಲಿಕ್ಸ್ ಫ್ರಾಂಕೆಲ್ ಅದನ್ನು ದಾಖಲಿಸಿದರು. ಕ್ರೋಮಿಯಂ ಲವಣ ತಾಗಿದರೆ ಕಂದುಬಣ್ಣಕ್ಕೆ ತಿರುಗುವ ಈ ಗಡ್ಡೆಗೆ ‘ಫಿಯೋಕ್ರೊಮೊಸೈಟೋಮ’ ಎಂದು 1912ರಲ್ಲಿ ಹೆಸರಿಟ್ಟವರು ಲುಡ್ವಿಗ್ ಪಿಕ್.

ಕಾಲಡಿಯಲ್ಲಿ ಹಾವು ಹರಿದಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಸುರಿಸಿ ಮೈಯನ್ನು ಎಚ್ಚರಿಸುವುದು ಈ ಗ್ರಂಥಿಯ ತಿರುಳಿನ ಕೆಲಸ. ಗಡ್ಡೆ ಬೆಳೆದರೆ ಹಾವಿಲ್ಲದಿದ್ದರೂ ಅವು ಸುರಿಯುತ್ತವೆ. ತಲೆನೋವು, ಬೆವರು, ಎದೆಬಡಿತ ಒಟ್ಟಿಗೇ ಬಂದು ರಕ್ತದೊತ್ತಡ ಏರುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಇಳಿಯುತ್ತದೆ. ಬರೀ ಗಾಬರಿ ಎಂದುಕೊಂಡು ವರ್ಷಗಟ್ಟಲೆ ನರಳಿದವರಿದ್ದಾರೆ.

ಹಾರ್ಮೋನು ಬಿಟ್ಟುಬಿಟ್ಟು ಸುರಿಯುವುದರಿಂದ ಅದನ್ನೇ ಅಳೆದರೆ ಗಡ್ಡೆ ಕೈತಪ್ಪಬಹುದು. ಆದರೆ ಗಡ್ಡೆಯ ಒಳಗೇ ಆ ಹಾರ್ಮೋನು ಒಡೆದು ಮೆಟನೆಫ್ರಿನ್ ಆಗುತ್ತದೆ. ಅದು ಸದಾ ಜಿನುಗುತ್ತಿರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ರಕ್ತದಲ್ಲಿ, ಇಲ್ಲವೇ 24 ಗಂಟೆ ಕೂಡಿಸಿಟ್ಟ ಮೂತ್ರದಲ್ಲಿ ಮೆಟನೆಫ್ರಿನ್ ಅಳೆಯುವುದು. ಅದು ಹೆಚ್ಚಿದ್ದರೆ ಗಡ್ಡೆ ಎಲ್ಲಿದೆ ಎಂದು ಹುಡುಕುವ ಸರದಿ ಸಿಟಿ ಅಥವಾ ಎಂಆರ್‌ಐಯದು.

ಸಿಟಿ ತೋರಿಸುವುದು ಗಡ್ಡೆಯ ಆಕಾರ, ಅಳತೆಗಳನ್ನು; ಅದರ ಕಸುಬನ್ನಲ್ಲ. ಕಸುಬನ್ನು ಹಿಡಿಯುವ ಉಪಾಯ 1980ರ ಸುಮಾರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಎಂಐಬಿಜಿ ಎಂಬ ಅಣು ನಾರ್‌ಅಡ್ರಿನಲಿನ್‌ನ ವೇಷ ಹಾಕಿಕೊಂಡಂತಿದೆ. ಅದಕ್ಕೆ ವಿಕಿರಣಶೀಲ ಅಯೋಡಿನ್ ಕಟ್ಟಿ ರಕ್ತನಾಳಕ್ಕೆ ಬಿಟ್ಟರೆ, ತನ್ನದೇ ಸರಕೆಂದು ಗಡ್ಡೆ ಅದನ್ನು ನುಂಗುತ್ತದೆ. ಗಾಮಾ ಕ್ಯಾಮೆರಾದಲ್ಲಿ ಆ ಜಾಗ ಎದ್ದು ಕಾಣುತ್ತದೆ. ಈ ಅಯೋಡಿನ್ ಥೈರಾಯ್ಡ್‌ಗೆ ಸೇರದಿರಲಿ ಎಂದು ಮೊದಲೇ ಔಷಧ ಕೊಡುತ್ತಾರೆ. ಈಗ ಗ್ಯಾಲಿಯಂ-68 ಬಳಸುವ ಪೆಟ್ ಸ್ಕ್ಯಾನ್ ಬಂದಿದೆ. ಬೇರೆಡೆಗೆ ಹರಡಿದ ಸಣ್ಣ ಗಡ್ಡೆಗಳನ್ನು ಹುಡುಕಲು ಅದು ಬಹಳ ಸಮರ್ಥ.

ಮೊದಲು ಮೆಟನೆಫ್ರಿನ್, ಆಮೇಲೆ ಸ್ಕ್ಯಾನ್ ಎಂಬ ಈ ಅನುಕ್ರಮ ತಪ್ಪಬಾರದು. ಮೆಟನೆಫ್ರಿನ್ ಅಳೆಯದೆ, ತಪಾಸಣೆಗೆಂದು ಗಡ್ಡೆಗೆ ಸೂಜಿ ಚುಚ್ಚಿದರೆ ರಕ್ತದೊತ್ತಡ ಜೀವಕ್ಕೇ ಎರವಾಗುವಷ್ಟು ಏರಬಹುದು. ಶಸ್ತ್ರಚಿಕಿತ್ಸೆಗೆ ಮುನ್ನವೂ ಆಲ್ಫಾ ಬ್ಲಾಕರ್ ಮಾತ್ರೆಗಳಿಂದ ರಕ್ತನಾಳಗಳನ್ನು ಸಡಿಲಿಸಬೇಕು.

ರೋಗ ಅಪರೂಪ, ಬಿಪಿ ಇರುವ ನೂರರಲ್ಲಿ ಒಬ್ಬರಿಗೂ ಇರುವುದಿಲ್ಲ. ಆದರೆ ಸಿಕ್ಕಿಬಿದ್ದ ಗಡ್ಡೆಯನ್ನು ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ಮೂರರಲ್ಲಿ ಒಬ್ಬರಿಗಾದರೂ ಇದು ವಂಶವಾಹಿಯಿಂದ ಬಂದಿರುತ್ತದೆ, ಹಾಗಾಗಿ ಮನೆಯವರ ತಪಾಸಣೆಯೂ ಅಗತ್ಯ. ತಲೆನೋವು, ಬೆವರು, ಎದೆಬಡಿತ ಮೂರೂ ಜೊತೆಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ, ಆ ಹೊತ್ತಿನ ಬಿಪಿ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.