ನಿಮ್ಮ ಫೋನಿನ ‘ಚಾಸಿ ನಂಬರ್’ ಕೇಳ್ತಿದ್ದಾರಾ? ಕೊಡೋ ಮುಂಚೆ ಇಷ್ಟು ಗೊತ್ತಿರಲಿ

ಸಂಡೂರು ಸೀಮೆಯ ಅದಿರು ಲಾರಿಗಳನ್ನು ನೋಡಿಕೊಂಡೇ ಬೆಳೆದ ದೋಣಿಮಲೈನ ಹುಡುಗ ಹುಡುಗಿಯರಿಗೆ ಇದನ್ನು ವಿವರಿಸೋದು ಸುಲಭ. ಲಾರಿಯ ನಂಬರ್ ಪ್ಲೇಟ್ ಬದಲಾಗಬಹುದು, ಚಾಸಿ ನಂಬರ್ ಮಾತ್ರ ಕೊನೆತನಕ ಅದೇ. ಫೋನಿನಲ್ಲೂ ಹಾಗೇ. ಸಿಮ್ ಬದಲಾಯಿಸಿದರೂ ಸೆಟ್ಟಿನ ಗುರುತು ಬದಲಾಗಲ್ಲ.

ಹೊಸ ಆ್ಯಪ್ ಬಿಡುಗಡೆಗೆ ಮೊದಲು ಒಂದಷ್ಟು ಜನರ ಫೋನಿನಲ್ಲಿ ಹಾಕಿ ನೋಡುವುದಕ್ಕೆ ಬೀಟಾ ಟೆಸ್ಟಿಂಗ್ ಅಂತಾರೆ. ಬೆಂಗಳೂರಿನ ಗೆಳೆಯರೊಬ್ಬರು ನಿಮ್ಮನ್ನೂ ಸೇರಿಸಿಕೊಂಡು ‘ಡಿವೈಸ್ ಐಡಿ ಕಳಿಸು’ ಅಂದರೆ, ಮೊದಲ ಪ್ರಶ್ನೆ: ಯಾವ ಐಡಿ?

ಐಫೋನ್ ಆದರೆ ಅವರು ಕೇಳುತ್ತಿರುವುದು ಯುಡಿಐಡಿ. ಇದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಗಲ್ಲ. ಕೇಬಲ್‌ನಿಂದ ಮ್ಯಾಕ್‌ಗೆ ಜೋಡಿಸಿ, ಫೈಂಡರ್‌ನಲ್ಲಿ ಫೋನಿನ ಹೆಸರಿನ ಕೆಳಗಿರುವ ಸಾಲನ್ನು ಒತ್ತುತ್ತಾ ಹೋದರೆ ಕಾಣುತ್ತದೆ. ವಿಂಡೋಸ್‌ನಲ್ಲಾದರೆ ಐಟ್ಯೂನ್ಸ್ ತೆರೆದು ಸೀರಿಯಲ್ ನಂಬರ್ ಮೇಲೆ ಒತ್ತಿ. ‘ಈ ಲಿಂಕ್ ಒತ್ತಿ, ಪ್ರೊಫೈಲ್ ಹಾಕಿಕೊಳ್ಳಿ, ಐಡಿ ನಾವೇ ತಗೋತೀವಿ’ ಎನ್ನುವ ಅಪರಿಚಿತ ತಾಣಗಳ ಸಹವಾಸ ಬೇಡ.

ಅಸಲಿಗೆ ಎಲ್ಲ ಟೆಸ್ಟಿಂಗಿಗೂ ಯುಡಿಐಡಿ ಬೇಕಿಲ್ಲ. ಆಪ್‌ಸ್ಟೋರ್ ಬಿಟ್ಟು ನೇರವಾಗಿ ಹಂಚುವಾಗ ಮಾತ್ರ ಬೇಕು. ಅದರಲ್ಲೂ ಒಬ್ಬ ಡೆವಲಪರ್ ವರ್ಷಕ್ಕೆ 100 ಐಫೋನ್‌ಗಳನ್ನಷ್ಟೇ ನೋಂದಾಯಿಸಬಹುದು. ಆ್ಯಪಲ್‌ನದ್ದೇ ಟೆಸ್ಟ್‌ಫ್ಲೈಟ್ ಬಳಸಿದರೆ ಒಂದು ಇಮೇಲ್ ಅಥವಾ ಲಿಂಕ್ ಸಾಕು, 10,000 ಜನರವರೆಗೆ ಸೇರಿಸಬಹುದು. ಆಂಡ್ರಾಯ್ಡ್‌ನಲ್ಲೂ ಪ್ಲೇಸ್ಟೋರಿನ ಕ್ಲೋಸ್ಡ್ ಟೆಸ್ಟಿಂಗಿಗೆ ಗೂಗಲ್ ಖಾತೆಯ ಇಮೇಲ್ ಸಾಕು.

ಹಾಗಾದರೆ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ? ಅದು ಮೊಬೈಲ್ ನೆಟ್‌ವರ್ಕ್‌ಗೆ ನಿಮ್ಮ ಸೆಟ್ಟನ್ನು ಗುರುತಿಸಿಕೊಡುವ ನಂಬರ್. ಆ್ಯಪ್ ಟೆಸ್ಟ್ ಮಾಡಲು ಅದರ ಅಗತ್ಯವಿಲ್ಲ. ಫೋನ್ ಕಳವಾದರೆ ಪೊಲೀಸ್ ದೂರು ಕೊಟ್ಟು ಸಂಚಾರ್ ಸಾಥಿ ತಾಣದಲ್ಲಿ ಬ್ಲಾಕ್ ಮಾಡಿಸಲು ಬೇಕಾಗುತ್ತದೆ. ಹಾಗಾಗಿ ಈಗಲೇ ಬರೆದಿಟ್ಟುಕೊಳ್ಳಿ, ಆದರೆ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ.

ಒಂದು ನಂಬರಿಗೆ ಇಷ್ಟು ತಲೆಬಿಸಿ ಯಾಕೆ? ಬದಲಾಗದ ಗುರುತು ಸಿಕ್ಕರೆ ಬೇರೆಬೇರೆ ಆ್ಯಪ್‌ಗಳಲ್ಲಿ ನೀವು ಮಾಡಿದ್ದನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಬಹುದು. ಜಾಹೀರಾತು ಕಂಪನಿಗಳಿಗೆ ಬೇಕಾಗಿದ್ದು ಅದೇ. ಅದಕ್ಕೇ ಯುಡಿಐಡಿ ಓದುವ ಆ್ಯಪ್‌ಗಳನ್ನು ಆ್ಯಪಲ್ 2013ರ ಮೇ 1ರಿಂದ ನಿರಾಕರಿಸಿತು. 2019ರ ಆಂಡ್ರಾಯ್ಡ್ 10 ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ ಸಿಗದಂತೆ ಮಾಡಿತು.

ಕಂಪನಿಗಳ ಕಥೆ ಇದಾದರೆ, ಸರ್ಕಾರದ್ದು? ಸಂಚಾರ್ ಸಾಥಿ ಆ್ಯಪ್ ಅನ್ನು ಹೊಸ ಫೋನ್‌ಗಳಲ್ಲಿ ಮೊದಲೇ ಹಾಕಿ ಕೊಡಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ಆದೇಶಿಸಿತ್ತು. ವಿರೋಧ ಜೋರಾದಾಗ ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಕೈಬಿಟ್ಟಿತು. ಕಳ್ಳರನ್ನು ಹಿಡಿಯುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬೇಡ ಅನ್ನುವ ಅವಕಾಶ ಇಲ್ಲದಿದ್ದರೆ ಅದು ಒಪ್ಪಿಗೆಯಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಆ ಹಕ್ಕು ದಿನನಿತ್ಯ ಬಳಕೆಗೆ ಬರೋದು ಇಂಥ ಸಣ್ಣ ಪ್ರಶ್ನೆಗಳಲ್ಲೇ: ಯಾವ ನಂಬರ್, ಯಾಕೆ ಬೇಕು, ಕೆಲಸ ಮುಗಿದ ಮೇಲೆ ಅಳಿಸ್ತೀರಾ? ಗೆಳೆಯರನ್ನೂ ಕೇಳಿ, ಸರ್ಕಾರವನ್ನೂ ಕೇಳಿ.