ಮೆರುಗು ಮತ್ತು ಗಾಜುಲೇಪ: ಮಲಪ್ರಭೆಯ ಕಣಿವೆಯ ಮಡಕೆಗಳನ್ನು ಕುರಿತು

ಐಹೊಳೆಯ ಸಮೀಪದ ಹೊಲದ ಬದುವೊಂದರಲ್ಲಿ ಮಳೆಗೆ ಮೇಲೆದ್ದ ಮಡಕೆಯ ಚೂರೊಂದು ನಮ್ಮ ಕಾಲೇಜಿನ ಕಪಾಟಿನಲ್ಲಿ ಕೆಲವು ವರ್ಷ ‘ಗಾಜುಲೇಪದ ಪಾತ್ರೆ, ಸುಲ್ತಾನರ ಕಾಲ’ ಎಂಬ ಚೀಟಿಯನ್ನು ಹೊತ್ತು ಕುಳಿತಿತ್ತು. ಚೀಟಿ ಬರೆದವನು ಪ್ರಸ್ತುತ ಲೇಖಕನೇ. ಚೂರಿನ ಒಳಮೈ ಕಪ್ಪು, ಹೊರಮೈ ಕೆಂಪು; ಎಣ್ಣೆ ಸವರಿದಂತಹ ಹೊಳಪು. ಹೊಳೆದುದೆಲ್ಲವನ್ನೂ ಗಾಜೆಂದು ಬಗೆದ ಈ ಪ್ರಮಾದದಿಂದ ಕಾಲಗಣನೆಯಲ್ಲಿ ಸಾವಿರ ವರ್ಷಕ್ಕೂ ಮಿಗಿಲಾದ ವ್ಯತ್ಯಾಸವುಂಟಾಗಿತ್ತು. ಕಪ್ಪು-ಕೆಂಪು ಮಡಕೆ ಬೃಹತ್ ಶಿಲಾಸಮಾಧಿಗಳ ಕಾಲಕ್ಕೆ ಸೇರಿದುದು. ಅಂತಹ ಸಮಾಧಿಗಳು ಐಹೊಳೆಯ ಮೇಗುಟಿ ಗುಡ್ಡದ ಮೇಲೂ ಉಂಟು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಂದಿನಿಂದ ಈ ಮಡಕೆ ದಕ್ಷಿಣದ ಪ್ರಾಕ್ತನ ಕಾಲಾನುಕ್ರಮಕ್ಕೆ ಒಂದು ಮುಖ್ಯ ಆಧಾರವಾಗಿದೆ.

ಹಾಗಾದರೆ ಗಾಜುಲೇಪವೆಂದರೇನು? ಮಡಕೆಯ ಮೈಮೇಲೆ ಕರಗಿ ಅಂಟಿಕೊಂಡ ತೆಳುವಾದ ಗಾಜೇ ಅದು. ಮರಳಿನ ಸಿಲಿಕಾ ಅದರ ದೇಹ. ಜೇಡಿಯಿಂದ ಬರುವ ಅಲ್ಯುಮಿನಾ, ಕರಗಿದ ಗಾಜು ಹರಿದುಹೋಗದಂತೆ ಹಿಡಿದಿಡುತ್ತದೆ. ಶುದ್ಧ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಅದನ್ನು ಇಳಿಸಲು ಸೀಸ, ಸೋಡ, ಪೊಟ್ಯಾಷ್ ಅಥವಾ ಸುಣ್ಣವನ್ನು ದ್ರಾವಕವಾಗಿ ಬೆರೆಸಬೇಕು. ಕಪಾಟಿನ ಚೂರಿನಲ್ಲಿದ್ದುದು ಇದಾವುದೂ ಅಲ್ಲ. ಕುಂಬಾರನು ಅರೆ ಒಣಗಿದ ಮಡಕೆಯನ್ನು ನುಣುಪುಗಲ್ಲಿನಿಂದ ಉಜ್ಜಿದಾಗ ಜೇಡಿಯ ಚಪ್ಪಟೆ ಕಣಗಳು ಒಂದೇ ದಿಕ್ಕಿಗೆ ಮಲಗಿ ಬೆಳಕನ್ನು ಪ್ರತಿಫಲಿಸುತ್ತವೆ. ಅಷ್ಟೇ ಅದರ ಮೆರುಗು. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಂದೇಹ ತೀರುತ್ತದೆ: ಗಾಜುಲೇಪವಾದರೆ ಮೈಮೇಲೆ ಬೇರೊಂದು ಪದರ ಎದ್ದು ಕಾಣುತ್ತದೆ, ಅನೇಕ ವೇಳೆ ಕೂದಲೆಳೆಯ ಬಿರುಕುಗಳೊಡನೆ, ಉಜ್ಜಿದ ಮೈಯಾದರೆ ಪದರವಿರದು, ಕಲ್ಲು ಓಡಾಡಿದ ಗೆರೆಗಳು ಮಾತ್ರ ಇರುತ್ತವೆ.

ವಿಚಿತ್ರವೆಂದರೆ ಗಾಜುಲೇಪಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ಧಾರಾಳವಾಗಿ ಬಿದ್ದಿದೆ. ಬಾದಾಮಿಯ ಮರಳುಗಲ್ಲು ಸಿಲಿಕಾ. ಅದರ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದುದು. ಬಾಗಲಕೋಟೆಯ ಸುತ್ತ ಸುಣ್ಣಕಲ್ಲು. ಹುನಗುಂದ-ಇಳಕಲ್ಲುಗಳ ಕಡೆಗೆ ಕೆಂಪು ಗ್ರಾನೈಟು. ಅದರಲ್ಲಿ ಪೊಟ್ಯಾಷ್ ಉಳ್ಳ ಫೆಲ್ಡ್‌ಸ್ಪಾರ್. ಇಷ್ಟಿದ್ದೂ ಇಲ್ಲಿನ ಕುಂಬಾರರು ಗಾಜುಲೇಪವನ್ನು ರೂಢಿಸಿಕೊಳ್ಳಲಿಲ್ಲ. ಅದನ್ನು ಅಜ್ಞಾನವೆನ್ನುವುದು ಆತುರದ ಮಾತು. ಮೊದಲನೆಯದಾಗಿ, ಗ್ರಾನೈಟಿನ ಲೇಪ ಕರಗಲು 1200 ಡಿಗ್ರಿಗೂ ಮೇಲೆ ಕಾಯಿಸಬೇಕು. ಹಳ್ಳಿಯ ಆವಿಗೆ ಸಾಮಾನ್ಯವಾಗಿ 700ರಿಂದ 900ರವರೆಗೆ ಏರುತ್ತದೆ. ಅದಕ್ಕೂ ಬಹಳ ಮೇಲೇರಿದರೆ ಕಬ್ಬಿಣಾಂಶದ ಕೆರೆಮಣ್ಣೇ ಸೊರಗಿ ಕುಸಿಯುತ್ತದೆ. ಇದಕ್ಕಿಂತ ಬಲವಾದ ಕಾರಣ ನೀರಿನ ಕೊಡದಲ್ಲಿದೆ. ಕೊಡದ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುವುದು. ಅದಕ್ಕೆ ಗಾಜು ಬಳಿದರೆ ಬಾಗಲಕೋಟೆಯ ಬೇಸಗೆಯಲ್ಲಿ ಕುಡಿಯಲು ಸಿಗುವುದು ಬೆಚ್ಚನೆಯ ನೀರು.

ಬಣ್ಣದ ವಿದ್ಯೆಯೂ ಅವರಿಗೆ ತಿಳಿಯದಿದ್ದುದಲ್ಲ. ಸುಡುವಾಗ ಗಾಳಿ ತಾಗಿದ ಕಡೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಮಡಕೆಯನ್ನು ಬೋರಲಾಗಿಟ್ಟಾಗ ಗಾಳಿ ಹೋಗದ ಒಳಮೈ ಹೊಗೆಯ ಇದ್ದಲನ್ನು ಹೀರಿ ಕಪ್ಪಾಗುತ್ತದೆ. ಚೀನದ ಹಸುರುಛಾಯೆಯ ಸೆಲಡಾನ್ ಪಾತ್ರೆಗಳ ಗುಟ್ಟಿನಲ್ಲಿಯೂ ಪಾತ್ರಧಾರಿಗಳು ಕಬ್ಬಿಣ ಮತ್ತು ಗಾಳಿಯೇ: ಲೇಪದಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣವಿದ್ದು ಗಾಳಿ ಕಡಮೆಯಾದರೆ ತಿಳಿಹಸುರು, ಎಂಟು ಹತ್ತು ಪಾಲಾದರೆ ಕಡುಗಂದು ಅಥವಾ ಕಪ್ಪು.

ಕರ್ನಾಟಕದಲ್ಲಿ ಗಾಜುಲೇಪದ ವೈಭವವನ್ನು ಕಾಣಬೇಕಾದರೆ ಬೀದರಿಗೆ ಹೋಗಬೇಕು. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗಾವಾನನ ಮದರಸದ ಗೋಡೆಗಳ ಮೇಲೆ ಇರಾನಿನ ಸಂಪ್ರದಾಯದ ಹೆಂಚುಗಳು ಇನ್ನೂ ಕೆಲವೆಡೆ ಉಳಿದಿವೆ. ಆ ಸಂಪ್ರದಾಯದಲ್ಲಿ ಕಡುನೀಲಿಗೆ ಕೋಬಾಲ್ಟ್, ಬಿಳಿಗೆ ತವರ. ತಾಮ್ರದ ನಡೆ ಸ್ವಾರಸ್ಯವಾದುದು: ಸೀಸದ ಲೇಪದಲ್ಲಿ ಅದು ಹಸುರು, ಸೋಡದ ಲೇಪದಲ್ಲಿ ನವಿಲಿನ ಕೊರಳಿನ ನೀಲಿ. ಗೋಡೆಯ ಹೆಂಚಿಗೆ ನೀರನ್ನು ತಂಪಾಗಿಡುವ ಹೊಣೆ ಇಲ್ಲವಷ್ಟೆ!

ಇಂದು ಕಲಾಶಾಲೆಗಳಲ್ಲಿ ಕುಂಭಕಲೆಯನ್ನು ಅಭ್ಯಸಿಸುವವರು ಸೀಮೆಯ ಕಲ್ಲನ್ನೇ ಪರೀಕ್ಷಿಸಬಹುದು. ನಯಗೊಳಿಸುವ ಕಾರ್ಖಾನೆಗಳಲ್ಲಿ ದೊರೆಯುವ ಗ್ರಾನೈಟ್ ಹುಡಿ ನಾಲ್ಕು ಪಾಲು, ಸುಣ್ಣಕಲ್ಲಿನ ಹುಡಿ ಒಂದು ಪಾಲು, ತೂಕದಲ್ಲಿ. ಇವನ್ನು ನೀರಿನಲ್ಲಿ ಕೆನೆಯ ಹದಕ್ಕೆ ಕಲಸಿ ಸಣ್ಣ ಜರಡಿಯಲ್ಲಿ ಸೋಸಿ, ಹೆಚ್ಚು ಕಾವು ತಡೆಯುವ ಜೇಡಿಯ ಬಿಲ್ಲೆಗಳ ಮೇಲೆ ಹಚ್ಚಿ ಸುಮಾರು 1250 ಡಿಗ್ರಿಯವರೆಗೆ ಸುಟ್ಟು ನೋಡಬೇಕು. ಇದು ಆರಂಭದ ಪ್ರಮಾಣವೇ ಹೊರತು ಸೂತ್ರವಲ್ಲ. ಹುಡಿಯಲ್ಲಿ ಗರಗಸದ ಕಬ್ಬಿಣ ಬೆರೆತಿದ್ದರೆ ಬಣ್ಣ ಇನ್ನೂ ಕಪ್ಪಾಗುತ್ತದೆ. ಸಿಲಿಕಾದ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಒಣ ಹುಡಿಯನ್ನು ಎಬ್ಬಿಸಬಾರದು. ಕಡಮೆ ಕಾವಿನಲ್ಲಿ ಕರಗುವುದೆಂದು ಸೀಸವನ್ನು ಆಶ್ರಯಿಸುವುದೂ ಬೇಡ. ಹುಣಸೆಯ ಹುಳಿ, ಮೊಸರು, ಉಪ್ಪಿನಕಾಯಿಗಳು ಲೇಪದಿಂದ ಸೀಸವನ್ನು ಎಳೆದು ಊಟಕ್ಕೆ ಬೆರೆಸಬಲ್ಲವು.